ಹಾಸ್ಟೆಲ್ ರೂಮಿನ ಮಂಚ: ಎಷ್ಟು ಎತ್ತರ, ಯಾವ ಗೋಡೆಗೆ

ಕಾಲೇಜು ಶುರುವಾಗುವುದೂ ಮಳೆ ಹಿಡಿಯುವುದೂ ನಮ್ಮ ಕಡೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಶಿವಮೊಗ್ಗ, ಶಂಕರಘಟ್ಟ, ಸಾಗರ, ತೀರ್ಥಹಳ್ಳಿಯ ಹಾಸ್ಟೆಲ್ಲುಗಳಿಗೆ ಹಾಸಿಗೆ ಸುತ್ತಿಕೊಂಡು ಬರುವವರು ತಮ್ಮ ರೂಮನ್ನು ಮೊದಲ ಸಲ ನೋಡುವುದೇ ಜಡಿಮಳೆಯಲ್ಲಿ. ಒಂದು ಲೆಕ್ಕದಲ್ಲಿ ಇದು ಒಳ್ಳೆಯದೇ. ಮಾರ್ಚಿನಲ್ಲಿ ನೋಡಿದರೆ ನಾಲ್ಕೂ ಗೋಡೆ ಒಂದೇ ಥರ ಕಾಣುತ್ತವೆ. ಜುಲೈನಲ್ಲಿ ಹಾಗಲ್ಲ, ಯಾವ ಗೋಡೆ ಬೆವರುತ್ತದೆ, ಯಾವ ಕಿಟಕಿಯಿಂದ ಎರಚಲು ಹೊಡೆಯುತ್ತದೆ, ತಾರಸಿಯ ಯಾವ ಮೂಲೆಯಲ್ಲಿ ಹಳದಿ ಕಲೆ ಹರಡಿದೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಮಂಚ ಎಲ್ಲಿಡಬೇಕು ಎನ್ನುವುದು ಅಲ್ಲೇ ಅರ್ಧ ತೀರ್ಮಾನವಾಗುತ್ತದೆ.

ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಅಮೆರಿಕದ ಕಾಲೇಜು ರೂಮುಗಳ ವಿಡಿಯೊ ಸಾಲುಸಾಲು ಸಿಗುತ್ತವೆ. ಅಲ್ಲಿನ ಮಂಚಗಳ ತುದಿಯ ಕಂಬಗಳಲ್ಲಿ ಮೇಲಿಂದ ಕೆಳಗಿನವರೆಗೆ ಕಚ್ಚು ಇರುತ್ತವೆ. ಚೌಕಟ್ಟನ್ನು ಬೇಕಾದ ಕಚ್ಚಿಗೆ ಸಿಕ್ಕಿಸಿ ಎದೆಯೆತ್ತರಕ್ಕೆ ಏರಿಸುತ್ತಾರೆ, ಕೆಳಗೆ ಮೇಜೋ ಸಣ್ಣ ಫ್ರಿಜ್ಜೋ ಇಡುತ್ತಾರೆ. ಹಾಸಿಗೆಯ ಅಳತೆಯೂ ಬೇರೆ, 38 ಇಂಚು ಅಗಲ, 80 ಇಂಚು ಉದ್ದ. ನಮ್ಮದು ಬೆಸುಗೆ ಹಾಕಿದ ಕಬ್ಬಿಣದ ಮಂಚ: ಆರಡಿ ಉದ್ದ, ಎರಡೂವರೆ ಅಥವಾ ಮೂರಡಿ ಅಗಲ, ಒಂದೇ ಎತ್ತರ. ನೆತ್ತಿಯ ಮೇಲೆ ತಿರುಗುವ ಫ್ಯಾನು. ಹೊರಗೆ ನಾಲ್ಕು ತಿಂಗಳು ಮಳೆ. ಅವರ ಉಪಾಯ ಇಲ್ಲಿಗೆ ಹೊಂದುವುದಿಲ್ಲ. ಇಲ್ಲಿ ಮಂಚದ ಎತ್ತರವನ್ನು ಗೊತ್ತು ಮಾಡುವುದು ನಿಮ್ಮ ಮಂಡಿ, ನಿಮ್ಮ ಟ್ರಂಕು ಮತ್ತು ನೆಲದ ಥಂಡಿ. ಜಾಗವನ್ನು ಗೊತ್ತು ಮಾಡುವುದು ಫ್ಯಾನು, ಕಿಟಕಿ, ಬಾಗಿಲು.

ಮೊದಲ ದಿನ ಜೇಬಿನಲ್ಲಿ ಒಂದು 5 ಮೀಟರಿನ ಟೇಪು, ಒಂದು ತುಂಡು ಸೀಮೆಸುಣ್ಣ ಇರಲಿ. ಸಾಮಾನು ಒಳಗೆ ತರುವ ಮುಂಚೆ ಅಳೆದುಕೊಳ್ಳಬೇಕಾದ್ದು ಇಷ್ಟು: ರೂಮಿನ ಉದ್ದಗಲ, ಬಾಗಿಲಿನ ಅಗಲ ಮತ್ತು ಅದು ಯಾವ ಕಡೆಗೆ ತೆರೆದುಕೊಳ್ಳುತ್ತದೆ, ನೆಲದಿಂದ ಕಿಟಕಿಯ ಕೆಳಅಂಚಿನ ಎತ್ತರ, ನೆಲದಿಂದ ಫ್ಯಾನಿನ ರೆಕ್ಕೆಯ ಎತ್ತರ, ಸ್ವಿಚ್‌ಬೋರ್ಡ್ ಇರುವ ಜಾಗ, ಕೊನೆಗೆ ಮಂಚದ ಉದ್ದ, ಅಗಲ, ಎತ್ತರ. ಮಂಚವನ್ನು ಅಳೆಯುವಾಗ ಕಾಲಿನ ಹೊರಅಂಚಿನಿಂದ ಹೊರಅಂಚಿಗೆ ಹಿಡಿಯಿರಿ. ಆರಡಿ ಮಂಚ ಎಂದರೂ ತಲೆಗಂಬಿ ಸೇರಿ 75 ಇಂಚು ಬರುವುದುಂಟು. ಆ ಮೂರು ಇಂಚಿಗಾಗಿಯೇ ಬೀರುವಿನ ಬಾಗಿಲು ತೆರೆಯದೆ ಹೋಗುತ್ತದೆ. ಅಳತೆ ಸಿಕ್ಕ ಮೇಲೆ ನೆಲದ ಮೇಲೇ ಸೀಮೆಸುಣ್ಣದಲ್ಲಿ ಮಂಚ, ಮೇಜು, ಬಾಗಿಲು ಬೀಸುವ ಕಮಾನು ಎಲ್ಲ ಬರೆದು ಒಮ್ಮೆ ನಡೆದು ನೋಡಿ. ಕಬ್ಬಿಣದ ಮಂಚವನ್ನು ನಾಲ್ಕು ಸಲ ಎಳೆದಾಡುವುದಕ್ಕಿಂತ ಇದು ಸಲೀಸು. ಮೊಸಾಯಿಕ್ ನೆಲದ ಮೇಲೆ ಮಂಚ ಎಳೆದ ಗೀರು ಬಿದ್ದರೆ ವಾರ್ಡನ್ ಅದನ್ನು ವರ್ಷದ ಕೊನೆಗೆ ಎಣಿಸುತ್ತಾರೆ.

ಎತ್ತರದ ಲೆಕ್ಕ

ಮಂಚದ ಎತ್ತರ ಎಂದರೆ ನೆಲದಿಂದ ಪ್ಲೈವುಡ್ಡಿನವರೆಗೆ ಅಲ್ಲ, ಹಾಸಿಗೆಯ ಮೇಲ್ಮೈವರೆಗೆ. ಹಾಸ್ಟೆಲ್ ಮಂಚ ಸಾಮಾನ್ಯವಾಗಿ 16 ಇಂಚು, ಅದರ ಮೇಲೆ 4 ಇಂಚಿನ ಹಾಸಿಗೆ ಹಾಕಿದರೆ 20. ತೆಂಗಿನ ನಾರಿನ ಹಾಸಿಗೆ ಕೂತರೆ ಹೆಚ್ಚು ಕುಗ್ಗುವುದಿಲ್ಲ, ಮೆತ್ತನೆ ಫೋಮ್ ಆದರೆ ಕೂತಾಗ ಒಂದು ಇಂಚಾದರೂ ತಗ್ಗುತ್ತದೆ. ಅರಳೆ ಹಾಸಿಗೆ ಹೊಸತಿರುವಾಗ 4 ಇಂಚು, ಎರಡು ತಿಂಗಳಲ್ಲಿ ಎರಡೂವರೆ.

ಹೆಚ್ಚಿನ ಹಾಸ್ಟೆಲ್ಲುಗಳಲ್ಲಿ ಮಂಚವೇ ಕುರ್ಚಿ, ಮಂಚವೇ ಊಟದ ಮಣೆ, ಮಂಚವೇ ನೆಂಟರನ್ನು ಕೂರಿಸುವ ಜಾಗ. ಆದ್ದರಿಂದ ಮೊದಲು ನೋಡಬೇಕಾದ್ದು ಕೂರುವ ಎತ್ತರ. ಬರಿಗಾಲಲ್ಲಿ ಕುರ್ಚಿಯ ಮೇಲೆ ಕೂತು, ನೆಲದಿಂದ ಮಂಡಿಯ ಹಿಂದಿನ ಮಡಿಕೆಯವರೆಗೆ ಅಳೆಯಿರಿ. ಹೆಚ್ಚಿನವರಿಗೆ ಅದು 15ರಿಂದ 18 ಇಂಚಿನ ಒಳಗೆ ಬರುತ್ತದೆ. ಹಾಸಿಗೆಯ ಮೇಲ್ಮೈ ಈ ಅಳತೆಗಿಂತ ಒಂದೆರಡು ಇಂಚು ಹೆಚ್ಚಿದ್ದರೆ ತೊಂದರೆಯಿಲ್ಲ, ಏಳುವುದೇ ಸುಲಭವಾಗುತ್ತದೆ. ನಾಲ್ಕು ಇಂಚು ಹೆಚ್ಚಾದರೆ ಪಾದ ಅರ್ಧಂಬರ್ಧ ನೆಲ ಮುಟ್ಟುತ್ತದೆ, ಮಂಚದ ಆ್ಯಂಗಲ್ಲಿನ ಅಂಚು ತೊಡೆಯ ಕೆಳಗೆ ಒತ್ತುತ್ತದೆ, ಅರ್ಧ ಗಂಟೆ ಕೂತು ಓದಿದರೆ ಕಾಲು ಜೋಮು ಹಿಡಿಯುತ್ತದೆ. ಐದಡಿ ಎತ್ತರದ ಹುಡುಗಿಗೆ 20 ಇಂಚೇ ಹೆಚ್ಚು. ಅಂಥವರು ಮಂಚ ಏರಿಸುವ ಯೋಚನೆ ಬಿಟ್ಟು, ತೆಳು ಹಾಸಿಗೆ ತೆಗೆದುಕೊಳ್ಳುವುದು ಲೇಸು.

ಎರಡನೆಯದು ಟ್ರಂಕು. 16 ಇಂಚಿನ ಮಂಚದ ಕೆಳಗೆ 16 ಇಂಚು ಜಾಗ ಸಿಗುವುದಿಲ್ಲ. ಸುತ್ತಲಿನ ಆ್ಯಂಗಲ್ಲು, ನಡುವೆ ಅಡ್ಡ ಹಾಕಿದ ಪೈಪು ಸೇರಿ ಎರಡೂವರೆ ಇಂಚು ಹೋಗುತ್ತದೆ; ಉಳಿಯುವುದು 13 ಚಿಲ್ಲರೆ. 12 ಇಂಚಿನ ಟ್ರಂಕು, ಅದರ ಕೆಳಗೆ ಥಂಡಿ ತಾಗದ ಹಾಗೆ ಒಂದಿಂಚಿನ ಎರಡು ಮರದ ಪಟ್ಟಿ, ಅಲ್ಲಿಗೆ 13. ತುರುಕಿದರೆ ಹೋಗುತ್ತದೆ, ಆದರೆ ಮುಚ್ಚಳ ತೆಗೆಯಲು ಪ್ರತಿ ಸಲ ಪೂರ್ತಿ ಹೊರಗೆಳೆಯಬೇಕು. ದೊಡ್ಡ ಸೂಟ್‌ಕೇಸು ಮಲಗಿಸಿದರೂ ಸುಮಾರು ಇದೇ ಲೆಕ್ಕ. ಟ್ರಂಕು 14 ಇಂಚಿನದಾದರೆ ಮಂಚ ಏರಿಸದೆ ಗತ್ಯಂತರವಿಲ್ಲ. ಅಂಗಡಿಗೆ ಹೋಗುವ ಮುಂಚೆ ಮಂಚದ ಕೆಳಗಿನ ಜಾಗ ಅಳೆದಿದ್ದರೆ 12 ಇಂಚಿನದನ್ನೇ ತರಬಹುದಿತ್ತು ಅನ್ನಿ.

ಮೂರನೆಯದು ಥಂಡಿ. ನೆಲಮಹಡಿಯ ರೂಮುಗಳಲ್ಲಿ ಆಷಾಢದಲ್ಲಿ ನೆಲವೇ ಬೆವರುತ್ತದೆ. ಮಂಚದ ಕೆಳಗೆ ಗಾಳಿ ಆಡದಿದ್ದರೆ ಪ್ಲೈವುಡ್ಡಿನ ತಳಕ್ಕೆ, ಅಲ್ಲಿಂದ ಹಾಸಿಗೆಯ ಅಡಿಗೆ ಬೂಷ್ಟು ಹತ್ತುತ್ತದೆ. ಮಂಚ ಏರಿಸಿದವರು ಮಾಡುವ ದೊಡ್ಡ ತಪ್ಪು ಇದೇ: ಜಾಗ ಸಿಕ್ಕಿತಲ್ಲ ಎಂದು ಟ್ರಂಕಿನ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಕಂಬಳಿ, ಪುಸ್ತಕದ ರಟ್ಟಿನ ಪೆಟ್ಟಿಗೆ ಎಲ್ಲ ಒಟ್ಟಿ ಪ್ಲೈವುಡ್ಡಿಗೆ ತಾಗಿಸಿಬಿಡುವುದು. ಏರಿಸಿದ ಉದ್ದೇಶವೇ ಹಾಳು. ಸಾಮಾನಿನ ಮೇಲೆ ಕನಿಷ್ಠ ನಾಲ್ಕು ಬೆರಳು ಜಾಗ ಖಾಲಿ ಇರಬೇಕು. ರಟ್ಟಿನ ಪೆಟ್ಟಿಗೆಯಂತೂ ಮಂಚದ ಕೆಳಗೆ ಬೇಡವೇ ಬೇಡ. ಆಗಸ್ಟಿನ ಹೊತ್ತಿಗೆ ಅದು ಹಪ್ಪಳದ ಹಿಟ್ಟಿನ ಹಾಗೆ ಆಗಿರುತ್ತದೆ, ಒಳಗೆ ಒರಲೆ ಬೇರೆ.

ನಾಲ್ಕನೆಯದು ಕಿಟಕಿ. ಕಿಟಕಿಯ ಕೆಳಅಂಚು ಸಾಮಾನ್ಯವಾಗಿ ನೆಲದಿಂದ ಮೂರಡಿ. ಹಾಸಿಗೆ 20 ಇಂಚಿನಲ್ಲಿದ್ದರೆ ಮಲಗಿದಾಗ ಮುಖ ಕಿಟಕಿಗಿಂತ ಒಂದಡಿ ಕೆಳಗಿರುತ್ತದೆ. ಗಾಳಿ ಮೇಲೆ ಹಾದು ಹೋಗುತ್ತದೆ. ಹಾಸಿಗೆಯನ್ನು 30 ಇಂಚಿಗೆ ಏರಿಸಿದರೆ ಕಿಟಕಿಯ ಎರಚಲು ನೇರ ದಿಂಬಿಗೆ. ಡಿಸೆಂಬರಿನ ಬೆಳಗಿನ ಜಾವದ ಚಳಿಗಾಳಿಯೂ ಹಾಗೆಯೇ.

ಇಷ್ಟೆಲ್ಲ ಕೂಡಿಸಿ ಕಳೆದರೆ ಬರುವ ಉತ್ತರ ಇದು. ಮಂಚದ ಮೇಲೇ ಕೂತು ಓದುವವರಿಗೆ ಹಾಸಿಗೆಯ ಮೇಲ್ಮೈ 18ರಿಂದ 20 ಇಂಚು, ಎಂದರೆ ಎರಡು ಗೇಣು ಚಿಲ್ಲರೆ. ಬೇರೆ ಮೇಜು ಕುರ್ಚಿ ಇದ್ದು, ಸಾಮಾನಿಗೆ ಜಾಗ ಬೇಕಿದ್ದರೆ 24 ಇಂಚು. 26ರ ಮೇಲೆ ಹೋಗುವುದರಲ್ಲಿ ಅರ್ಥವಿಲ್ಲ. 30 ದಾಟಿದರೆ ಹತ್ತಲು ಸ್ಟೂಲು ಬೇಕು, ರಾತ್ರಿ ಕರೆಂಟು ಹೋದಾಗ ಅದೇ ಸ್ಟೂಲು ಕಾಲಿಗೆ ತೊಡರುತ್ತದೆ.

ಏರಿಸುವುದು ಹೇಗೆ

16 ಇಂಚಿನ ಮಂಚಕ್ಕೆ 4 ಇಂಚು ಸೇರಿಸಿದರೆ ಹಾಸಿಗೆ 24ಕ್ಕೆ ಬರುತ್ತದೆ, ಕೆಳಗೆ 17 ಇಂಚು ಸಿಗುತ್ತದೆ. ಬಹಳ ಜನಕ್ಕೆ ಇದು ಸಾಕು. ಪ್ರಶ್ನೆ ಇರುವುದು ಕಾಲಿನ ಕೆಳಗೆ ಏನಿಡಬೇಕು ಎನ್ನುವುದರಲ್ಲಿ.

ಭಾರದ ಅಂದಾಜು ಮೊದಲು. ಮಲಗಿದ ಒಬ್ಬನ ಭಾರ ನಾಲ್ಕು ಕಾಲಿಗೂ ಹಂಚಿಹೋಗುತ್ತದೆ, ಅದು ದೊಡ್ಡದಲ್ಲ. ದೊಡ್ಡದು ಯಾವುದೆಂದರೆ ಸಂಜೆ ನಾಲ್ಕು ಜನ ಒಂದೇ ಅಂಚಿಗೆ ಸಾಲಾಗಿ ಕೂತು ಚುರುಮುರಿ ತಿನ್ನುವುದು. ಒಬ್ಬೊಬ್ಬರು 60 ಕೆಜಿ ಎಂದರೂ 240 ಕೆಜಿ, ಅದೂ ಬಹುಪಾಲು ಮುಂದಿನ ಎರಡೇ ಕಾಲಿನ ಮೇಲೆ. ಹಾಗಾಗಿ ಒಂದೊಂದು ಕಾಲಿನ ಆಸರೆ 150 ಕೆಜಿಯನ್ನು ಧೈರ್ಯವಾಗಿ ಹೊರುವಂತಿರಬೇಕು, ಪಕ್ಕಕ್ಕೆ ತಳ್ಳಿದಾಗ ಜಾರಬಾರದು. ಎರಡನೆಯ ಗುಣವೇ ಹೆಚ್ಚು ಮುಖ್ಯ. ಮಂಚ ಕೆಳಗೆ ಬೀಳುವುದು ಆಸರೆ ಒಡೆದಲ್ಲ, ಕಾಲು ಅದರ ಮೇಲಿಂದ ಜಾರಿ.

ಇಟ್ಟಿಗೆ ಸುಲಭಕ್ಕೆ ಸಿಗುತ್ತದೆ, ಎಲ್ಲರೂ ಅದನ್ನೇ ಇಡುತ್ತಾರೆ. ಒಂದೇ ಇಟ್ಟಿಗೆಯನ್ನು ಮಲಗಿಸಿ ಇಟ್ಟರೆ 3 ಇಂಚು ಸಿಗುತ್ತದೆ, ಅಷ್ಟರವರೆಗೆ ಪರವಾಗಿಲ್ಲ. ಇಟ್ಟಿಗೆಯ ಮೇಲೆ ಇಟ್ಟಿಗೆ ಪೇರಿಸಿದರೆ ಮಾತ್ರ ಮೇಲಿನದು ಜಾರಿಯೇ ಜಾರುತ್ತದೆ. ಇನ್ನೊಂದು ತೊಂದರೆ ಮಂಚದ ಕಾಲಿನದು. ಅದು ಒಳಗೆ ಪೊಳ್ಳಾದ ಚೌಕ ಪೈಪು. ತುದಿಯ ಪ್ಲಾಸ್ಟಿಕ್ ಬುಷ್ ಹಾರಿಹೋಗಿದ್ದರೆ ಪೈಪಿನ ಹರಿತ ಅಂಚು ಇಟ್ಟಿಗೆಯನ್ನು ಉಳಿಯ ಹಾಗೆ ಕೊರೆಯುತ್ತದೆ. ಮಳೆ ನೀರು ಕುಡಿದ ಇಟ್ಟಿಗೆಯಾದರೆ ಎರಡೇ ವಾರ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದಿಂಚು, ಒಂದೂಕಾಲು, ಒಂದೂವರೆ ಇಂಚಿನ ಬುಷ್ ಸಿಗುತ್ತವೆ. ಕಾಲಿನ ಪೈಪಿನ ಹೊರ ಅಳತೆ ಹೇಳಿ ನಾಲ್ಕು ತನ್ನಿ, ಮಂಚ ಏರಿಸದಿದ್ದರೂ ತನ್ನಿ.

ಜಂಬಿಟ್ಟಿಗೆ ಕಲ್ಲು ಮಲೆನಾಡಿನಲ್ಲಿ ಯಾವ ಬೇಲಿಯ ಪಕ್ಕದಲ್ಲಾದರೂ ಬಿದ್ದಿರುತ್ತದೆ. ಮನೆ ಕಟ್ಟುವುದಕ್ಕೆ ಅದು ಒಳ್ಳೆಯದು, ಮಂಚದ ಕಾಲಿಗೆ ಅಲ್ಲ. ಗೋಡೆಯಲ್ಲಿ ಭಾರ ಇಡೀ ಕಲ್ಲಿಗೆ ಹಂಚುತ್ತದೆ. ಇಲ್ಲಿ ಒಂದಿಂಚಿನ ಪೈಪು ಒಂದೇ ಕಡೆ ಒತ್ತುತ್ತದೆ, ಕಲ್ಲು ಪುಡಿಯಾಗುತ್ತದೆ. ರೂಮು ತುಂಬ ಕೆಂಪು ದೂಳು, ಬಿಳಿ ಪಂಚೆ ಒಗೆದವರಿಗೆ ಗೊತ್ತು ಅದರ ಕಷ್ಟ.

ಸಿಮೆಂಟಿನ ಸಾಲಿಡ್ ಬ್ಲಾಕು, 16 ಇಂಚು ಉದ್ದ, 8 ಅಗಲ, 6 ದಪ್ಪದ್ದು, ಮಲಗಿಸಿದರೆ 6 ಇಂಚು ಏರುತ್ತದೆ. ಒಂದೊಂದು 20 ಕೆಜಿಗೂ ಹೆಚ್ಚು ತೂಗುವುದರಿಂದ ಅದು ಕದಲುವುದಿಲ್ಲ, ಆದರೆ ಮೇಲ್ಮೈ ಚಪ್ಪಟೆ ಆದ್ದರಿಂದ ಮಂಚದ ಕಾಲು ಕದಲುತ್ತದೆ. 4 ಇಂಚು ದಪ್ಪದ ಬ್ಲಾಕು ಸಿಕ್ಕಿದರೆ ಅದೇ ಮೇಲು. ಕಾಲಿನ ಅಡಿಗೆ ಹಳೆಯ ಸೈಕಲ್ ಟಯರಿನ ತುಂಡು ಹಾಕಿ.

ನಮ್ಮ ಓಟು ಮರದ ಗುಟ್ಟಕ್ಕೆ. ಸಾಮಿಲ್ಲಿನಲ್ಲಿ ಅಕೇಶಿಯಾದ್ದೋ ಹಲಸಿನದ್ದೋ ತುಂಡು ಕೇಳಿದರೆ ಅಗ್ಗಕ್ಕೆ ಕೊಡುತ್ತಾರೆ. 5 ಇಂಚು ಚೌಕ, 5 ಇಂಚು ಎತ್ತರದ ನಾಲ್ಕು ತುಂಡು ಬೇಕು, ನಾಲ್ಕೂ ಒಂದೇ ಎತ್ತರಕ್ಕೆ ಕುಯ್ದಿರಬೇಕು. ಮೇಲುಗಡೆ ನಡುಮಧ್ಯಕ್ಕೆ ಒಂದಿಂಚು ಆಳದ ಗುಳಿ ತೆಗೆಸಿ. ಅಲ್ಲಿಗೆ ಏರುವುದು 4 ಇಂಚು. ಗುಳಿಯ ಅಗಲ ಕಾಲಿನ ಪೈಪಿಗಿಂತ ಕಾಲು ಇಂಚು ಮಾತ್ರ ಹೆಚ್ಚಿರಲಿ, ಸುತ್ತ ಒಂದೂವರೆ ಇಂಚಾದರೂ ಮರ ಉಳಿಯಲಿ. ಅಂಚು ತೆಳುವಾದರೆ ಮಂಚ ಎಳೆದ ದಿನ ಗುಟ್ಟ ಸೀಳುತ್ತದೆ. ಹಸಿ ಮರ ತರಬೇಡಿ, ಒಣಗುವಾಗ ಬಿರಿಯುತ್ತದೆ. ತಳಕ್ಕೆ ಬಳಸಿದ ಇಂಜಿನ್ ಆಯಿಲ್ ಎರಡು ಕೈ ಬಳಿದು ಒಣಗಿಸಿ, ರಬ್ಬರ್ ಹಾಳೆ ಹೊಡೆದರೆ ಒರಲೆಯೂ ದೂರ, ರೆಡ್ ಆಕ್ಸೈಡ್ ನೆಲದ ಮೇಲೆ ಜಾರುವುದೂ ಇಲ್ಲ.

ಪ್ಲಾಸ್ಟಿಕ್ಕಿನ ತಯಾರಿ ಆಸರೆಗಳೂ ಆನ್‌ಲೈನಿನಲ್ಲಿ ಸಿಗುತ್ತವೆ, ಮೇಲೆ ಬಟ್ಟಲಿನಂಥ ಗುಳಿ ಇರುತ್ತದೆ. ಗುಳಿ ಅಗಲವಾಗಿದ್ದು ನಮ್ಮ ಮಂಚದ ಸಣ್ಣ ಕಾಲು ಅದರೊಳಗೆ ಓಡಾಡುವುದು ಅದರ ದೋಷ. ವೆಲ್ಡಿಂಗ್ ಅಂಗಡಿಯಲ್ಲಿ ಕಾಲಿಗೆ ಪೈಪು ಸೇರಿಸಿ ಬೆಸೆಸುವುದು ಎಲ್ಲಕ್ಕಿಂತ ಗಟ್ಟಿ. ಆದರೆ ಮಂಚ ಹಾಸ್ಟೆಲ್ಲಿನ ಸ್ವತ್ತು, ವಾರ್ಡನ್ ಅವರ ಒಪ್ಪಿಗೆ ಬರಹದಲ್ಲಿ ಇಲ್ಲದೆ ಕೈ ಹಾಕಬೇಡಿ.

ಏರಿಸುವಾಗ ಇಬ್ಬರು ಬೇಕು. ಹಾಸಿಗೆ, ಪ್ಲೈವುಡ್ಡು ತೆಗೆದಿಡಿ. ತಲೆಯ ಕಡೆಯ ಎರಡು ಕಾಲು ಒಟ್ಟಿಗೆ ಎತ್ತಿ ಗುಟ್ಟ ಕೊಡಿ, ಆಮೇಲೆ ಕಾಲ್ದೆಸೆಯ ಎರಡು. ಒಂದೊಂದೇ ಕಾಲು ಎತ್ತಿದರೆ ಚೌಕಟ್ಟು ತಿರುಚಿ ಬೆಸುಗೆ ಬಿಡುತ್ತದೆ. ಬೋಲ್ಟಿನ ಮಂಚವಾದರೆ ಏರಿಸುವ ಮುಂಚೆಯೇ ನಟ್ಟುಗಳನ್ನು ಬಿಗಿ ಮಾಡಿ. 13 ಮತ್ತು 17 ನಂಬರಿನ ಸ್ಪ್ಯಾನರ್ ಸಾಮಾನ್ಯವಾಗಿ ಸಾಕು. ಕಿರುಗುಟ್ಟುವ ಮಂಚಕ್ಕೆ ಎಣ್ಣೆ ಬಿಟ್ಟು ಪ್ರಯೋಜನವಿಲ್ಲ, ಎರಡು ಕಬ್ಬಿಣ ತಾಗುವ ಜಾಗದಲ್ಲಿ ಸೈಕಲ್ ಟ್ಯೂಬಿನ ತುಂಡು ಕೊಟ್ಟು ನಟ್ಟು ತಿರುವಿದರೆ ಸದ್ದು ಅಡಗುತ್ತದೆ. ಕೊನೆಗೆ ಸೊಂಟದಿಂದ ಮಂಚವನ್ನು ಪಕ್ಕಕ್ಕೆ ಜೋರಾಗಿ ನೂಕಿ ನೋಡಿ. ಕಾಲು ಗುಳಿಯಿಂದ ಎದ್ದರೆ ಗುಳಿ ಆಳ ಸಾಲದು ಎಂದರ್ಥ.

ಎರಡಂತಸ್ತಿನ ಮಂಚ ಮತ್ತು ಫ್ಯಾನು

ಮೂವರಿಗೆ ಒಂದೇ ರೂಮು ಕೊಟ್ಟಾಗ ಎಲ್ಲರಿಗೂ ಮೊದಲು ಹೊಳೆಯುವುದು ಒಂದರ ಮೇಲೊಂದು ಮಂಚ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ರೂಮಿನಲ್ಲಿ ಅದರ ಲೆಕ್ಕ ಹೇಗಾಗುತ್ತದೆ ನೋಡಿ. ಕೆಳಗಿನ ಹಾಸಿಗೆ 20 ಇಂಚಿನಲ್ಲಿ. ಅಲ್ಲಿ ಬೆನ್ನು ನೇರ ಮಾಡಿ ಕೂರಲು ಮೇಲೆ 36 ಇಂಚು ಬೇಕು. ಮೇಲಿನ ಚೌಕಟ್ಟಿಗೆ 2, ಅದರ ಹಾಸಿಗೆಗೆ 4. ಒಟ್ಟು 62 ಇಂಚು, ಐದಡಿ ಎರಡಿಂಚು. ಅದರ ಮೇಲೆ ಎದ್ದು ಕೂತವನ ನೆತ್ತಿ ಎಂಟಡಿಗೆ ಬರುತ್ತದೆ. ಮೈಮುರಿಯಲು ಕೈ ಎತ್ತಿದರೆ ಒಂಬತ್ತಡಿ ದಾಟುತ್ತದೆ. ಹತ್ತಡಿ ತಾರಸಿಯಿಂದ ಒಂದಡಿ ಇಳಿಬಿಟ್ಟ ಫ್ಯಾನಿನ ರೆಕ್ಕೆ ಇರುವುದು ಸರಿಯಾಗಿ ಒಂಬತ್ತಡಿಯಲ್ಲಿ.

ಅಡ್ಡಲಾಗಿಯೂ ಅಳೆಯಿರಿ. ಸಾಮಾನ್ಯ ಫ್ಯಾನು 1200 ಮಿಲಿಮೀಟರು, ಎಂದರೆ ನಡುವಿನಿಂದ ರೆಕ್ಕೆಯ ತುದಿಗೆ ಎರಡಡಿ. ಹತ್ತಡಿ ಅಗಲದ ರೂಮಿನ ನಡುವೆ ಅದು ನೇತಾಡುತ್ತಿದ್ದರೆ ರೆಕ್ಕೆಯ ತುದಿಗೂ ಗೋಡೆಗೂ ಮೂರೇ ಅಡಿ. ಮೂರಡಿ ಅಗಲದ ಮಂಚದ ಅಂಚು ನೇರವಾಗಿ ರೆಕ್ಕೆಯ ಕೆಳಗೇ. ಹನ್ನೆರಡು ಅಡಿಯ ಕಡೆಗೆ ತಿರುಗಿಸಿ ಗಿಡ್ಡ ಗೋಡೆಗೆ ಹಾಕಿದರೂ ಮಂಚದ ಅಂಚಿನಿಂದ ರೆಕ್ಕೆಗೆ ಒಂದು ಗೇಣು ಬಿಡುವು ಸಿಗುತ್ತದೆ, ಅಷ್ಟೆ. 900 ಮಿಲಿಮೀಟರಿನ ಸಣ್ಣ ಫ್ಯಾನು ಹಾಕಿಸಿದರೆ ಇನ್ನು ಆರಿಂಚು. ಕಂಬಳಿ ಕೊಡವುವ ಕೈಗೆ ಇದು ಯಾವ ಲೆಕ್ಕ? ಆದ್ದರಿಂದ ತಾರಸಿಯ ಫ್ಯಾನು ಇಳಿಸಿ ಗೋಡೆಯ ಫ್ಯಾನು ಹಾಕಿಸುವವರೆಗೆ, 10 ಅಡಿ × 12 ಅಡಿಯ ರೂಮಿನಲ್ಲಿ ಎರಡಂತಸ್ತು ಬೇಡ. ಹಾಸ್ಟೆಲ್ಲೇ ಅಂಥ ಮಂಚ ಕೊಟ್ಟಿದ್ದರೆ ಮೇಲಿನ ಕಂಬಿ ಹಾಸಿಗೆಗಿಂತ ಕನಿಷ್ಠ 5 ಇಂಚು ಮೇಲಿದೆಯೇ ನೋಡಿ. ದಪ್ಪ ಹಾಸಿಗೆ ತಂದ ಕೂಡಲೇ ಕಂಬಿ ಗಿಡ್ಡವಾಗುತ್ತದೆ ಎನ್ನುವುದು ಯಾರಿಗೂ ಹೊಳೆಯುವುದಿಲ್ಲ. ಮೇಲಿನವರಿಗೆ 4 ಇಂಚಿಗಿಂತ ದಪ್ಪದ್ದು ಬೇಡ.

ಯಾವ ಗೋಡೆಗೆ

ನಮ್ಮ ಮುಂಗಾರು ನೈಋತ್ಯದಿಂದ ಬರುತ್ತದೆ, ಹಾಗಾಗಿ ನೆನೆಯುವುದು ಪಡುವಣ ಮತ್ತು ತೆಂಕಣ ಗೋಡೆ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಕಡೆ ಇದನ್ನು ಮಕ್ಕಳಿಗೂ ಹೇಳಬೇಕಾಗಿಲ್ಲ. ಶಿವಮೊಗ್ಗ ಪೇಟೆಯಲ್ಲಿ ಮಳೆ ಅಷ್ಟಿಲ್ಲ, ಆದರೂ ಪ್ಲಾಸ್ಟರ್ ಬಿರಿದ ಪಡುವಣ ಗೋಡೆ ಒಳಗಿನಿಂದ ತಣ್ಣಗೆ, ಜಿಗುಟಾಗಿರುತ್ತದೆ. ಅಂಗೈ ಒತ್ತಿ ನೋಡಿ. ಬಣ್ಣ ಹಪ್ಪಳಿಕೆ ಎದ್ದಿದ್ದರೆ, ಕರಿ ಚುಕ್ಕೆ ಕಂಡರೆ ಆ ಗೋಡೆಗೆ ಮಂಚ ಬೇಡ. ಬೀರು ಇಡಬಹುದು, ಅದೂ ಒಂದು ಗೇಣು ಬಿಟ್ಟು. ಬೇರೆ ದಾರಿಯೇ ಇಲ್ಲದಿದ್ದರೆ ಮಂಚವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಒಣಗೋಡೆಯಾದರೂ ಮೂರು ಇಂಚು ಬಿಡುವುದು ಒಳ್ಳೆಯದು, ತಿಗಣೆಯ ಕಾರಣಕ್ಕೆ. ಹೆಂಚಿನ ಮನೆಗಳನ್ನು ಪಿಜಿ ಮಾಡಿದ ಕಡೆ ಮೇಲೆ ನೋಡಿ: ಹೆಂಚು ಸರಿದಲ್ಲಿ ರೀಪಿನ ಮೇಲೆ ನೀರಿಳಿದ ಗುರುತು ಇರುತ್ತದೆ. ಅದರ ನೇರಕ್ಕೆ ದಿಂಬು ಬಾರದ ಹಾಗೆ ನೋಡಿಕೊಂಡರಾಯಿತು.

ಇನ್ನು ಇಬ್ಬರ ರೂಮು, 10 ಅಡಿ × 12 ಅಡಿ, ಮಂಚ 75 ಇಂಚು × 36 ಇಂಚು ಎಂದಿಟ್ಟುಕೊಳ್ಳಿ. ಎಲ್ಲರೂ ಮಾಡುವುದು ಎರಡು ಉದ್ದ ಗೋಡೆಗೆ ಎದುರುಬದುರು. 120 ಇಂಚಿನಲ್ಲಿ ಎರಡು ಮಂಚ 72, ಗೋಡೆಯ ಬಿಡುವು 6 ಹೋದರೆ ನಡುವೆ 42 ಇಂಚು ದಾರಿ. ಉದ್ದದಲ್ಲಿ ಮಂಚ ಮತ್ತು ಬಿಡುವು ಕಳೆದು 66 ಇಂಚು ಉಳಿಯುತ್ತದೆ. ಅದರಲ್ಲಿ ಮೂರಡಿಯ ಮೇಜು, ಎರಡೂವರೆ ಅಡಿಯ ಬೀರು ಸರಿಯಾಗಿ ಕೂರುತ್ತವೆ. ಮೇಜಿನ ಆಳ ಎರಡಡಿ, ಕುರ್ಚಿ ಹಿಂದೆ ಸರಿಯಲು ಎರಡೂವರೆ ಅಡಿ. ಇಬ್ಬರೂ ಒಟ್ಟಿಗೆ ಓದಲು ಕೂತರೆ ಬೆನ್ನಿಗೂ ಬೆನ್ನಿಗೂ ನಡುವೆ ಒಂದಡಿ. ಪರೀಕ್ಷೆಯ ಸಮಯಕ್ಕೆ ಇಕ್ಕಟ್ಟು, ಉಳಿದ ದಿನ ನಡೆಯುತ್ತದೆ. ತೊಡಕು ಬರುವುದು ಬಾಗಿಲು ಮೂಲೆಯಲ್ಲಿದ್ದು ಒಳಕ್ಕೆ ತೆರೆದುಕೊಂಡರೆ. ಆ ಕಡೆಯ ಬೀರುವಿನ ಜಾಗವನ್ನು ಬಾಗಿಲೇ ತಿನ್ನುತ್ತದೆ.

ಕಡಿಮೆ ಜನ ಮಾಡುವ, ನಮಗೆ ಹೆಚ್ಚು ಸರಿ ಕಾಣುವ ಇನ್ನೊಂದು ಬಗೆ ಇದೆ: ಬಾಗಿಲಿನ ಎದುರಿನ ಗಿಡ್ಡ ಗೋಡೆಗೆ ಒಂದು ಮಂಚ ಅಡ್ಡಲಾಗಿ, ಅದರ ಪಕ್ಕದ ಮೂಲೆಯಿಂದ ಬಲಗೋಡೆಗೆ ಇನ್ನೊಂದು ಉದ್ದಕ್ಕೆ. 75 ಮತ್ತು 36 ಕೂಡಿದರೆ 111, ಉಳಿದ 9 ಇಂಚನ್ನು ಗೋಡೆಗೆ ಮೂರು, ನಡುವೆ ಮೂರು, ಆಚೆ ಗೋಡೆಗೆ ಮೂರು ಎಂದು ಹಂಚಿ. ಆಗ ಎಡಗೋಡೆಯಲ್ಲಿ ಸುಮಾರು 105 ಇಂಚು ಒಂದೇ ಸಮ ಖಾಲಿ ಸಿಗುತ್ತದೆ. ಎರಡು ಮೇಜು, ಒಂದು ಬೀರು ಸಾಲಾಗಿ ನಿಲ್ಲುತ್ತವೆ, ಬೆನ್ನಿಗೆ ಯಾರೂ ತಾಗುವುದಿಲ್ಲ. ಎರಡನೆಯ ಬೀರು ಬಲಗಡೆ ಮಂಚದ ಕಾಲ್ದೆಸೆಗೆ. ಈ ಜೋಡಣೆ ಕೆಡುವುದು ಎದುರು ಗೋಡೆಯಲ್ಲೇ ಕಿಟಕಿಯಿದ್ದು, ಅದಕ್ಕೆ ಸಜ್ಜಾ ಇಲ್ಲದಿದ್ದಾಗ. ಅಡ್ಡ ಮಂಚದವರ ಹಾಸಿಗೆ ದಿನಾ ಒದ್ದೆ.

ಮೂವರಾದರೆ ಎರಡೂವರೆ ಅಡಿ ಅಗಲದ ಮಂಚ ಕೇಳಿ ಪಡೆಯಿರಿ. ಎರಡು ಉದ್ದ ಗೋಡೆಗೆ, ಒಂದು ಬಾಗಿಲಿನ ಪಕ್ಕ ಗಿಡ್ಡ ಗೋಡೆಗೆ ಅಡ್ಡಲಾಗಿ. ಬಾಗಿಲಿಗೆ ಮೂರಡಿ ಬಿಟ್ಟರೂ 84 ಇಂಚು ಉಳಿಯುವುದರಿಂದ ಅದು ಹಿಡಿಸುತ್ತದೆ. ಮೇಜಿನ ಆಸೆ ಮಾತ್ರ ಒಬ್ಬರಿಗೇ; ಉಳಿದಿಬ್ಬರು ಮಡಚುವ ಮಣೆ ಇಟ್ಟುಕೊಳ್ಳಬೇಕು. 24 ಇಂಚಿಗೆ ಏರಿಸುವುದು ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ರೂಮಿನಲ್ಲಿ.

ತಲೆ ಯಾವ ದಿಕ್ಕಿಗೆ ಎಂಬ ಪ್ರಶ್ನೆ ಮನೆಯಿಂದ ಫೋನಿನಲ್ಲಿ ಬಂದೇ ಬರುತ್ತದೆ. ಬಡಗಣಕ್ಕೆ ತಲೆ ಹಾಕಬಾರದು ಎಂದು ಅಜ್ಜಿ ಹೇಳಿದರೆ ಮಂಚ ತಿರುಗಿಸಬೇಕಾಗಿಲ್ಲ, ದಿಂಬು ಇನ್ನೊಂದು ತುದಿಗೆ ಹಾಕಿದರೆ ಸಾಕು. ಹಾಸ್ಟೆಲ್ ಮಂಚದ ಎರಡು ತುದಿಯೂ ಒಂದೇ ಥರ.

ಮೇಜನ್ನು ಕಿಟಕಿಯ ಪಕ್ಕಕ್ಕೆ, ಬಲಗೈಯವರಿಗೆ ಬೆಳಕು ಎಡದಿಂದ ಬೀಳುವ ಹಾಗೆ ಇಡಿ. ಕಿಟಕಿಗೆ ತಾಗಿಸಬೇಡಿ, ಒಂದಡಿ ಬಿಡಿ. ಸ್ವಿಚ್‌ಬೋರ್ಡಿಗೆ ಮೇಜು ಹತ್ತಿರ ಇದ್ದಷ್ಟೂ ಎಕ್ಸ್‌ಟೆನ್ಶನ್ ವೈರು ಗಿಡ್ಡ. ಆ ವೈರನ್ನು ಮಂಚದ ಕಾಲಿಗೆ ಸುತ್ತುವುದು, ಹಾಸಿಗೆಯ ಕೆಳಗೆ ತೂರಿಸುವುದು ಎರಡೂ ಕೂಡದು. ಮಂಚ ಕದಲಿದಾಗ ವೈರಿನ ಮೇಲ್ಪದರ ಸವೆದು ತಾಮ್ರ ಕಬ್ಬಿಣಕ್ಕೆ ತಾಗಿದರೆ ಇಡೀ ಮಂಚಕ್ಕೆ ಕರೆಂಟು ಹರಿಯುತ್ತದೆ. ಒದ್ದೆ ನೆಲದ ಮೇಲೆ ನಿಂತು ಅದನ್ನು ಮುಟ್ಟಿದರೆ ಗತಿಯೇನು?

ಒಗೆದ ಬಟ್ಟೆಯ ಹಗ್ಗಕ್ಕೂ ಜಾಗ ಮೊದಲೇ ಗೊತ್ತು ಮಾಡಿ. ಮಳೆಗಾಲದಲ್ಲಿ ಜೀನ್ಸು ಒಣಗಲು ಮೂರು ದಿನ. ಹಗ್ಗ ನಡುವಿನ ದಾರಿಯ ಮೇಲೆ, ಫ್ಯಾನಿನ ಗಾಳಿ ತಾಗುವಲ್ಲಿ ಬರಲಿ, ರೆಕ್ಕೆಗಿಂತ ಎರಡಡಿ ಕೆಳಗೆ. ಮಂಚದ ಮೇಲೆ ಕಟ್ಟಿದರೆ ಬಟ್ಟೆಯ ನೀರೆಲ್ಲ ಹಾಸಿಗೆಗೆ. ಕೊಡೆ, ಜರ್ಕಿನ್ನು ಬಾಗಿಲ ಹಿಂದಿನ ಮೊಳೆಗೆ, ಕೆಳಗೆ ಒಂದು ಗೋಣಿಚೀಲ. ತೋಟದ ದಾರಿಯಲ್ಲಿ ನಡೆದು ಬರುವವರ ಚಪ್ಪಲಿಯೂ ಅಲ್ಲೇ ಇರಲಿ, ಉಂಬಳ (ಜಿಗಣೆ) ಒಳಗೆ ಬರುವುದು ಅದರ ಜೊತೆಗೇ.

ಸೊಳ್ಳೆಪರದೆಗೆ ಆರಡಿಯ ನಾಲ್ಕು ವಾಟೆ ಗಳ ಅಥವಾ ತೆಳು ಪಿವಿಸಿ ಪೈಪು ತಂದು, ಮಂಚದ ಕಾಲಿಗೆ ಎರಡೆರಡು ಕಡೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಿರಿ. ಐದಡಿ ಎತ್ತರದ ಪರದೆಯಲ್ಲಿ ಒಂದಡಿ ಹಾಸಿಗೆಯ ಅಡಿಗೆ ಮಡಚಲು ಹೋಗುತ್ತದೆ, ಹಾಗಾಗಿ ಅದು ನಿಲ್ಲುವುದು ಹಾಸಿಗೆಯಿಂದ ನಾಲ್ಕಡಿ ಮೇಲೆ. ಮಂಚ 24 ಇಂಚಿಗೆ ಏರಿದರೂ ಆರಡಿ ಗಳ ಸರಿಹೋಗುತ್ತದೆ. ಪರದೆಯನ್ನು ಇಳಿಬಿಟ್ಟು ಸುಮ್ಮನಾಗಬೇಡಿ, ಸುತ್ತ ಒಳಗೆ ಸೇರಿಸಿ. ತೋಟದಂಚಿನ ನೆಲಮಹಡಿ ರೂಮುಗಳಲ್ಲಿ ಇದು ಸೊಳ್ಳೆಗೆ ಮಾತ್ರವಲ್ಲ. ಕಟ್ಟುಹಾವು ರಾತ್ರಿ ಓಡಾಡುವಂಥದು, ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಹೆಚ್ಚು. ನೆಂಟನೊಬ್ಬ ಬಂದಾಗ ನೆಲಕ್ಕೆ ಹಾಸುವ ಬದಲು ಇಬ್ಬರು ಒಂದೇ ಮಂಚದಲ್ಲಿ ಸರಿದುಕೊಳ್ಳಿ.

ಹಾಸಿಗೆಯ ಕೆಳಗೆ ಪ್ಲೈವುಡ್ಡಿದ್ದರೆ ಅದಕ್ಕೆ ಆರಾರು ಇಂಚಿಗೆ ಒಂದರಂತೆ ಅರ್ಧ ಇಂಚಿನ ತೂತು ಕೊರೆಸಿ, ಬೆವರಿನ ತೇವ ಕೆಳಗಿಳಿಯುತ್ತದೆ. ತಗಡಿನ ಮಂಚವಾದರೆ ತಗಡು ತಣ್ಣಗಿದ್ದು ಮೈಶಾಖದ ಹಬೆ ಅಲ್ಲೇ ನೀರಾಗುತ್ತದೆ, ಮಧ್ಯೆ ಈಚಲು ಚಾಪೆ ಹಾಕಲೇಬೇಕು. ಮಳೆಗಾಲದಲ್ಲಿ ಅರಳೆಗಿಂತ ನಾರಿನ ಹಾಸಿಗೆ ಮೇಲು, ಬೇಗ ಒಣಗುತ್ತದೆ. ವಾರಕ್ಕೊಮ್ಮೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಫ್ಯಾನು ಹಾಕಿ ಎರಡು ಗಂಟೆ ಬಿಡಿ. ಹಳೆಯ ಮಂಚ ಸಿಕ್ಕಿದ್ದರೆ ಹಾಸಿಗೆ ಬಿಚ್ಚುವ ಮುಂಚೆ ಪೈಪಿನ ತೆರೆದ ಬಾಯಿ, ಸ್ಕ್ರೂ ತೂತು, ಪ್ಲೈವುಡ್ಡಿನ ಅಂಚಿಗೆ ಟಾರ್ಚು ಬಿಟ್ಟು ನೋಡಿ; ಕರಿ ಚುಕ್ಕೆಗಳಿದ್ದರೆ ತಿಗಣೆ. ಮಂಚವನ್ನು ಹೊರಗೆ ಎಳೆದು ಕುದಿಯುವ ನೀರು ಹೊಯ್ದು, ಒಣಗಿದ ಮೇಲೆ ಪೈಪಿನ ಬಾಯಿಗೆಲ್ಲ ಬುಷ್ ಹೊಡೆದು ಮುಚ್ಚಿ.

ದೀಪಾವಳಿ ರಜೆ ಮುಗಿಸಿ ಬಂದಾಗ ಗುಟ್ಟಗಳನ್ನು ಇನ್ನೊಮ್ಮೆ ನೋಡಿ. ಆ ಹೊತ್ತಿಗೆ ಗುಳಿಯಲ್ಲಿ ಕಾಲು ಅಲ್ಲಾಡತೊಡಗಿರಬಹುದು. ಅಲ್ಲಾಡುವ ಕಾಲಿಗೆ ಟ್ಯೂಬಿನ ಒಂದು ಸುತ್ತು ಸುತ್ತಿ ಕೂರಿಸಿ, ನಟ್ಟುಗಳನ್ನು ಅರ್ಧ ತಿರುವು ಬಿಗಿ ಮಾಡಿ.